ಒತ್ತಡದ ಮುಳ್ಳು ಇಳಿದಾಗ: ಎಂಜಿನ್ ಬಿಚ್ಚುವ ಮುನ್ನ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕ್ಯಾತ್ಸಂದ್ರದ ಟೋಲ್ ಗೇಟಿನ ಸಾಲಿನಲ್ಲಿ ನಿಂತಿದ್ದೆ. ಎಂಜಿನ್ ಕೆಲಸ ಮುಗಿದು ಇನ್ನೂ 300 ಕಿಲೋಮೀಟರ್ ಕೂಡ ಓಡದಿದ್ದ ನನ್ನ ಹಳೆಯ ಅಂಬಾಸಿಡರ್‌ನ ಆಯಿಲ್ ಒತ್ತಡದ ಮುಳ್ಳು ಮೆಲ್ಲಗೆ ಜಾರಿ, ಚದರ ಇಂಚಿಗೆ 5 ಪೌಂಡಿನ ಗೆರೆಯ ಮೇಲೆ ಕೂತಿತು. ಗೇಟು ದಾಟಿ ವೇಗ ಹಿಡಿದೊಡನೆ ಅದೇ ಮುಳ್ಳು 45ನ್ನು ದಾಟಿ ಮೇಲೇರಿತು. ಕೆಲಸ ಮಾಡಿದ ವರ್ಕ್‌ಶಾಪಿನವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ‘ತಂದು ನಿಲ್ಲಿಸಿ, ಇನ್ನೊಮ್ಮೆ ಬಿಚ್ಚಿ ನೋಡೋಣ.’ ಬಿಚ್ಚಲಿಲ್ಲ. ಮೂರು ಭಾನುವಾರಗಳು ಹಿಡಿದವು. ತೊಂದರೆ ಎರಡು ಕಡೆ ಸಿಕ್ಕಿತು, ಎರಡೂ ಎಂಜಿನ್ನಿನ ಹೊರಗಿನಿಂದಲೇ ಸ್ಪಾನರ್ ಹಾಕಬಹುದಾದ ಜಾಗಗಳು.

ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಆದರೂ 1489 ಸಿಸಿಯ ಪೆಟ್ರೋಲ್ ಅಂಬಾಸಿಡರ್, 1089 ಸಿಸಿಯ ಪದ್ಮಿನಿ ಮತ್ತು ಅಲ್ಲೊಂದು ಇಲ್ಲೊಂದು ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳನ್ನು ಹಿರಿಯರ ಶೆಡ್ಡಿನಿಂದ ಹೊರತೆಗೆದು ಎಂಜಿನ್ ಕೆಲಸ ಮಾಡಿಸುವವರು ನಮ್ಮ ಕಡೆ ಈಗಲೂ ಇದ್ದಾರೆ. ಅಂಥವರು ಒತ್ತಡ ಕಡಿಮೆ ತೋರಿದಾಗ ಯಾವುದನ್ನು ಮೊದಲು, ಯಾವುದನ್ನು ಕೊನೆಗೆ ನೋಡಬೇಕೆಂಬ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಎಚ್ಚರಿಕೆ ಮಾತ್ರ ಎಲ್ಲಕ್ಕಿಂತ ಮೊದಲು. ಮುಳ್ಳು ಸೊನ್ನೆಗೆ ಬಿದ್ದು, ಅದರ ಜೊತೆಗೆ ಎಂಜಿನ್ನಿನ ಮೇಲ್ಭಾಗದಿಂದ ಬರುವ ಟ್ಯಾಪೆಟ್ ಸದ್ದು ಜೋರಾದರೆ ಅಥವಾ ಕೆಳಗಿನಿಂದ ‘ದಡ್ ದಡ್’ ಎಂಬ ಬಡಿತ ಕೇಳಿದರೆ ಆ ಕ್ಷಣವೇ ಎಂಜಿನ್ ಆರಿಸಿ ಗಾಡಿಯನ್ನು ಎಳೆಸಿಕೊಂಡು ಹೋಗಬೇಕು. ‘ಮನೆ ಎರಡೇ ಕಿಲೋಮೀಟರ್’ ಎಂಬ ಲೆಕ್ಕಾಚಾರದಲ್ಲಿ ಹೊಸ ಬೇರಿಂಗ್‌ಗಳು ಕ್ರ್ಯಾಂಕಿಗೆ, ಅಂದರೆ ಅವುಗಳೊಳಗೆ ತಿರುಗುವ ಎಂಜಿನ್ನಿನ ಮುಖ್ಯ ದಂಡಕ್ಕೆ, ಅಂಟಿಕೊಂಡಿರುವ ನಿದರ್ಶನಗಳು ಬೇಕಾದಷ್ಟಿವೆ.

ಪಂಪು ಕೊಡುವುದು ಹರಿವು, ಒತ್ತಡವಲ್ಲ

ತೆಂಗು, ಅಡಿಕೆ ತೋಟಕ್ಕೆ ಹನಿ ನೀರಾವರಿ ಹಾಕಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ ಎತ್ತುವ ನೀರು ಅಷ್ಟೇ ಇದ್ದರೂ, ಯಾವುದೋ ಸಾಲಿನ ತುದಿಯ ಮುಚ್ಚಳ ಕಳಚಿದರೆ ಶೆಡ್ಡಿನ ಗೇಜ್ ಇಳಿಯುತ್ತದೆ, ಕೊನೆಯ ಸಾಲಿನ ಗಿಡಗಳು ಒಣಗುತ್ತವೆ. ಎಂಜಿನ್ನಿನೊಳಗೆ ನಡೆಯುವುದೂ ಇದೇ. ಪಂಪು ಪ್ರತಿ ಸುತ್ತಿಗೂ ಇಂತಿಷ್ಟು ಆಯಿಲನ್ನು ಗ್ಯಾಲರಿಗೆ, ಅಂದರೆ ಎಂಜಿನ್ ಬ್ಲಾಕಿನೊಳಗಿನ ಆಯಿಲ್ ದಾರಿಗೆ, ತಳ್ಳುತ್ತದೆ. ಆ ಆಯಿಲ್ ಬೇರಿಂಗ್‌ಗಳ ಕೂದಲೆಳೆಯಷ್ಟು ಸಂದುಗಳಲ್ಲಿ ತೂರಿ ಹೊರಬರಲು ಪಡುವ ಕಷ್ಟವೇ ಗೇಜ್‌ನಲ್ಲಿ ಒತ್ತಡವಾಗಿ ಕಾಣಿಸುತ್ತದೆ. ಆದ್ದರಿಂದ ಒತ್ತಡ ಇಳಿಯಿತೆಂದರೆ ಪಂಪು ಕಡಿಮೆ ತಳ್ಳುತ್ತಿರಬೇಕು, ಇಲ್ಲವೇ ಆಯಿಲ್ ನೀರಿನಂತೆ ತೆಳುವಾಗಿರಬೇಕು, ಇಲ್ಲವೇ ಎಲ್ಲೋ ಸುಲಭವಾದ ದಾರಿ ತೆರೆದಿರಬೇಕು. ಇದಾವುದೂ ಅಲ್ಲದಿದ್ದರೆ ಗೇಜೇ ಸುಳ್ಳು ಹೇಳುತ್ತಿರಬೇಕು.

ಸಂದಿನ ವಿಷಯದಲ್ಲಿ ಒಂದು ಲೆಕ್ಕ ನೆನಪಿರಲಿ. ಸೋರಿಕೆಯು ಸಂದಿನ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಬೇರಿಂಗ್ ಸಂದು 2 ಥೌ, ಅಂದರೆ ಇಂಚಿನ ಸಾವಿರದಲ್ಲಿ ಎರಡು ಭಾಗ, ಇರಬೇಕಾದಲ್ಲಿ 4 ಥೌ ಆದರೆ ಸೋರುವ ಆಯಿಲ್ ಎರಡು ಪಟ್ಟಲ್ಲ, ಎಂಟು ಪಟ್ಟು. ಸವೆದ ಕ್ರ್ಯಾಂಕನ್ನು ಉಜ್ಜಿ ನಯಗೊಳಿಸುವ ಗ್ರೈಂಡಿಂಗ್‌ನಲ್ಲಿ ‘ಒಂದೆರಡು ಥೌ ಹೆಚ್ಚು ಕಡಿಮೆ ಆದರೆ ಏನೂ ಆಗೋದಿಲ್ಲ’ ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು.

ಅಂಕಿಗಳನ್ನು ಬರೆದಿಡಿ

‘ಒತ್ತಡ ಕಡಿಮೆ’ ಎಂಬ ಮಾತಿಗೆ, ಎಷ್ಟು ಬಿಸಿಯಲ್ಲಿ ಮತ್ತು ಎಷ್ಟು ವೇಗದಲ್ಲಿ ಎಂದು ಹೇಳದ ಹೊರತು ಅರ್ಥವಿಲ್ಲ. ಒಂದು ಪುಟ್ಟ ಪುಸ್ತಕದಲ್ಲಿ ನಾಲ್ಕು ಅಂಕಿಗಳನ್ನು ಬರೆಯಿರಿ: ಬೆಳಿಗ್ಗೆ ತಣ್ಣಗಿದ್ದಾಗ ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಎಷ್ಟು, ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಎಷ್ಟು, ಬಿಸಿಯಲ್ಲಿ ಟಾಪ್ ಗೇರ್‌ನಲ್ಲಿ 50 ಕಿಲೋಮೀಟರ್ ವೇಗದಲ್ಲಿ ಎಷ್ಟು, 70ರಲ್ಲಿ ಎಷ್ಟು. ನೀರಿನ ಉಷ್ಣತೆಯ ಮುಳ್ಳು ನಡುವಿಗೆ ಬಂದ ಮಾತ್ರಕ್ಕೆ ಆಯಿಲ್ ಬಿಸಿಯಾಯಿತೆಂದು ತಿಳಿಯಬಾರದು. ಆಯಿಲ್ ಕಾಯಲು ನೀರಿಗಿಂತ ಹೆಚ್ಚು ಹೊತ್ತು ಬೇಕು. ನಾನು ತುಮಕೂರಿನಿಂದ ನಾಮದ ಚಿಲುಮೆಯ ದಾರಿಯಾಗಿ ದೇವರಾಯನದುರ್ಗದ ಏರನ್ನು ಕೆಳಗಿನ ಗೇರ್‌ಗಳಲ್ಲಿ ಹತ್ತಿ, ಮೇಲೆ ನಿಲ್ಲಿಸಿ, ಎಂಜಿನ್ ಆರಿಸದೆ ಓದುತ್ತೇನೆ. ಅಲ್ಲಿ ಸಿಕ್ಕ ಅಂಕಿಗಿಂತ ಕೆಟ್ಟ ಅಂಕಿ ಊರೊಳಗೆ ಸಾಮಾನ್ಯವಾಗಿ ಬರುವುದಿಲ್ಲ.

ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿಗೆ ಓಡುವಾಗ ಸುಮಾರು 50 ಪೌಂಡ್, ಬಿಸಿ ಐಡ್ಲಿಂಗ್‌ನಲ್ಲಿ 15ರ ಆಸುಪಾಸು ಇದ್ದರೆ ಆರೋಗ್ಯವಾಗಿದೆ ಎನ್ನಬಹುದು. ಇಲ್ಲಿ ಪೌಂಡ್ ಎಂದರೆ ಚದರ ಇಂಚಿಗೆ ಇಷ್ಟು ಪೌಂಡ್ ಎಂದು ಅರ್ಥ. ಬೇರೆ ಗಾಡಿಗಳಿಗೆ ಅವುಗಳ ಕೈಪಿಡಿಯೇ ಪ್ರಮಾಣ. ಕೈಪಿಡಿ ಸಿಗದಿದ್ದರೆ ನಿಮಿಷಕ್ಕೆ ಪ್ರತಿ 1000 ಸುತ್ತಿಗೆ 10 ಪೌಂಡ್ ಎಂಬ ಹಳೆಯ ರೂಢಿಯ ಲೆಕ್ಕ ಒಂದು ಅಂದಾಜು ಕೊಡುತ್ತದೆ. ಗೇಜ್ ಬದಲಾಯಿಸಿದವರು ಅದರ ಮುಖದ ಮೇಲೆ ಏನು ಬರೆದಿದೆ ಎಂದೂ ನೋಡಬೇಕು. 1 ಬಾರ್ ಎಂದರೆ 14.5 ಪೌಂಡ್, ಚದರ ಸೆಂಟಿಮೀಟರಿಗೆ 1 ಕಿಲೋ ಎಂದರೆ 14.2 ಪೌಂಡ್. ಮುಳ್ಳು 3ರಲ್ಲಿ ನಿಂತಿದೆ ಎಂದು ಗಾಬರಿಯಾದ ಪರಿಚಯದವರೊಬ್ಬರ ಪದ್ಮಿನಿಯಲ್ಲಿ ಇದ್ದದ್ದು 3 ಬಾರ್, ಅಂದರೆ 43 ಪೌಂಡಿಗಿಂತ ಹೆಚ್ಚು.

ಈ ನಾಲ್ಕು ಅಂಕಿಗಳೇ ಅರ್ಧ ಕಥೆ ಹೇಳುತ್ತವೆ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದಂತೆ ಎಲ್ಲ ವೇಗಗಳಲ್ಲೂ ಇಳಿದರೆ ಆಯಿಲಿನ ಮೇಲೆ ಅಥವಾ ಬೇರಿಂಗ್ ಸಂದಿನ ಮೇಲೆ ಅನುಮಾನ ಪಡಬೇಕು. ಓಡುವಾಗ ಸರಿಯಾಗಿದ್ದು ಬಿಸಿ ಐಡ್ಲಿಂಗ್‌ನಲ್ಲಿ ಮಾತ್ರ ಕುಸಿದರೆ ರಿಲೀಫ್ ವಾಲ್ವ್, ಅಂದರೆ ಹೆಚ್ಚಾದ ಆಯಿಲನ್ನು ಮರಳಿ ಬಿಡುವ ಬಾಗಿಲು, ಸಣ್ಣಗೆ ಸೋರುತ್ತಿರಬಹುದು, ಅಥವಾ ಸಂದು ಮಿತಿಯ ಅಂಚಿನಲ್ಲಿರಬಹುದು. ತಣ್ಣಗಿದ್ದರೂ, ರೇಸ್ ಕೊಟ್ಟರೂ ಮೇಲೇಳದಿದ್ದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ, ಇಲ್ಲವೇ ಪಂಪು ಸೋತಿದೆ. ತಿರುವುಗಳಲ್ಲಿ ಅಥವಾ ಬ್ರೇಕ್ ಹಿಡಿದಾಗ ಮುಳ್ಳು ಬಿದ್ದು ಮತ್ತೆ ಎದ್ದರೆ ಆಯಿಲ್ ಮಟ್ಟ ಅಥವಾ ಹೀರುವ ಪೈಪಿನ ತೊಂದರೆ. ಮುಳ್ಳು ಕ್ಷಣಾರ್ಧದಲ್ಲಿ ಜಿಗಿಯುತ್ತಿದ್ದರೆ ಅದು ವೈರಿಂಗ್. ಆಯಿಲ್ ಹಾಗೆ ಜಿಗಿಯುವುದಿಲ್ಲ.

ಮೊದಲ ಅನುಮಾನ ಗೇಜಿನ ಮೇಲೆ

ಒಂದು ಯಾಂತ್ರಿಕ ಪರೀಕ್ಷಾ ಗೇಜ್ ಕೊಂಡುಕೊಳ್ಳಿ, ಇಲ್ಲವೇ ಕಡ ತನ್ನಿ. ಬ್ಲಾಕಿನಲ್ಲಿ ಕೂತು ಒತ್ತಡವನ್ನು ಗೇಜಿಗೆ ತಿಳಿಸುವ ಸೆಂಡರ್ ಬಿಚ್ಚಿ ಅದರ ಜಾಗದಲ್ಲಿ ಇದನ್ನು ಕೂರಿಸಿ ಅದೇ ನಾಲ್ಕು ಅಂಕಿಗಳನ್ನು ಮತ್ತೆ ಬರೆಯಬೇಕು. ಇಲ್ಲಿ ಅವಸರ ಬೇಡ. 1/8 ಇಂಚಿನ ಪೈಪ್ ತ್ರೆಡ್‌ನಲ್ಲಿ ಎರಡು ಜಾತಿಗಳಿವೆ: ಬ್ರಿಟಿಷ್ ಪದ್ಧತಿಯಲ್ಲಿ ಇಂಚಿಗೆ 28 ಸುತ್ತು, ಅಮೆರಿಕನ್ ಪದ್ಧತಿಯಲ್ಲಿ 27. ಒಂದು ಇನ್ನೊಂದರಲ್ಲಿ ಎರಡು ಮೂರು ಸುತ್ತು ನಯವಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಬಲ ಹಾಕಿದರೆ ಬ್ಲಾಕಿನ ತ್ರೆಡ್ ಹಾಳಾಗುತ್ತದೆ. ಗೇಜಿನ ನೈಲಾನ್ ನಳಿಗೆ ಸೈಲೆನ್ಸರ್ ಪೈಪಿಗೆ ತಾಗದಂತೆ ಕಟ್ಟಬೇಕು. ಅದು ಕರಗಿದರೆ ಕಾದ ಆಯಿಲ್ ಎಲ್ಲಿ ಚಿಮ್ಮುತ್ತದೆ ಎಂದು ಊಹಿಸಿಕೊಳ್ಳಿ.

ನನ್ನ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಗೇಜ್ 5 ತೋರಿಸುವಾಗ ಪರೀಕ್ಷಾ ಗೇಜ್ 9 ತೋರಿಸಿತು. ವ್ಯತ್ಯಾಸದ ಕಾರಣ ಸೆಂಡರ್‌ನ ತ್ರೆಡ್‌ಗೆ ಸುತ್ತಿದ್ದ ಬಿಳಿಯ ಟೇಪ್. ನಲ್ಲಿಗೆ ಸುತ್ತುವ ಆ ಟೇಪನ್ನು ಒಂದೇ ವೈರಿನ ಸೆಂಡರ್‌ಗೆ ದಪ್ಪವಾಗಿ ಸುತ್ತಿದರೆ ಅದಕ್ಕೆ ಅರ್ತ್ ಸರಿಯಾಗಿ ಸಿಗುವುದಿಲ್ಲ, ಏಕೆಂದರೆ ಅದರ ಅರ್ತ್ ಹರಿಯುವುದೇ ತ್ರೆಡ್ ಮೂಲಕ. ಟೇಪ್ ಕಿತ್ತು, ಬ್ಲಾಕಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯ ಬಣ್ಣ ಕೆರೆದು ಬಿಗಿ ಮಾಡಿದ ಮೇಲೆ ಎರಡೂ ಗೇಜುಗಳು ಹೆಚ್ಚೂಕಡಿಮೆ ಒಂದೇ ಮಾತು ಹೇಳಿದವು. ಹೊಸದಾಗಿ ಬಣ್ಣ ಬಳಿದ ಎಂಜಿನ್‌ಗಳಲ್ಲಿ ಈ ತೊಂದರೆ ಮತ್ತೆ ಮತ್ತೆ ಬರುತ್ತದೆ. ಚಂದಕ್ಕೆ ಬಳಿದ ಬಣ್ಣವೇ ಅರ್ತ್ ತಡೆಯುತ್ತದೆ. ಪೆಟ್ರೋಲ್ ಮತ್ತು ಉಷ್ಣತೆಯ ಮುಳ್ಳುಗಳೂ ಒತ್ತಡದ ಮುಳ್ಳಿನೊಂದಿಗೆ ಒಟ್ಟಿಗೇ ತಪ್ಪು ತೋರಿಸುತ್ತಿದ್ದರೆ, ಹಳೆಯ ಗಾಡಿಗಳಲ್ಲಿ ಗೇಜುಗಳಿಗೆ ವಿದ್ಯುತ್ ಹದಗೊಳಿಸಿ ಕೊಡುವ ಸ್ಟೆಬಿಲೈಸರ್ ನೋಡಬೇಕು.

ಗೇಜ್ ಬದಲು ದೀಪ ಮಾತ್ರ ಇರುವ ಗಾಡಿಗಳಲ್ಲಿ ಸ್ವಿಚ್ಚಿನ ವೈರ್ ಕಳಚಿದರೆ ದೀಪ ಆರಬೇಕು, ಅದೇ ವೈರನ್ನು ಬ್ಲಾಕಿಗೆ ತಾಗಿಸಿದರೆ ಹತ್ತಬೇಕು. ದೀಪ ಆರಿದ ಮಾತ್ರಕ್ಕೆ ಒತ್ತಡ ಸಾಕಷ್ಟಿದೆ ಎಂದಲ್ಲ. ಅಂಥ ಸ್ವಿಚ್‌ಗಳು ಕೆಲವೇ ಪೌಂಡ್ ಒತ್ತಡಕ್ಕೆ ದೀಪ ಆರಿಸಿಬಿಡುತ್ತವೆ.

ಎರಡನೆಯದು ಆಯಿಲ್

ಮಟ್ಟವಾದ ನೆಲದ ಮೇಲೆ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ಕಡಿಮೆಯಿದ್ದರೆ ತುಂಬಬೇಕೆಂದು ಎಲ್ಲರಿಗೂ ಗೊತ್ತು. ಹೆಚ್ಚಾಗಿರುವುದೂ ತಪ್ಪೆಂಬುದು ಅನೇಕರಿಗೆ ತಿಳಿದಿಲ್ಲ. ಮಟ್ಟ ಮೀರಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯನ್ನು ಹೀರಿದ ಪಂಪು ಒತ್ತಡ ಕೊಡಲಾರದು.

ಡಿಪ್‌ಸ್ಟಿಕ್ಕನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿ. ಪೆಟ್ರೋಲಿನ ವಾಸನೆ ಬಂದರೆ, ಅಥವಾ ತುಂಬದೆಯೇ ಮಟ್ಟ ಏರುತ್ತಿದ್ದರೆ, ಎಂಜಿನ್ನಿನ ಪಕ್ಕದ ಯಾಂತ್ರಿಕ ಪೆಟ್ರೋಲ್ ಪಂಪಿನ ಡಯಾಫ್ರಾಮ್ ಹರಿದಿದೆ ಅಥವಾ ಕಾರ್ಬ್ಯುರೇಟರ್ ತುಂಬಿ ಹರಿಯುತ್ತಿದೆ. ಇದನ್ನು ಸರಿಪಡಿಸದೆ ಆಯಿಲ್ ಬದಲಾಯಿಸಿದರೆ ಒಂದು ವಾರ ಒತ್ತಡ ಚೆನ್ನಾಗಿರುತ್ತದೆ, ಮತ್ತೆ ಇಳಿಯುತ್ತದೆ.

ದರ್ಜೆಯ ವಿಷಯ. ಈಗಿನ ಕಾರುಗಳಿಗೆ ಬರುವ 5ಡಬ್ಲ್ಯು-30ರಂಥ ತೆಳು ಆಯಿಲ್ ಈ ಎಂಜಿನ್ನುಗಳಿಗೆ ಹೊಂದುವುದಿಲ್ಲ. ನಮ್ಮ ಹವೆಗೆ 20ಡಬ್ಲ್ಯು-50 ಸರಿಯಾದ ಆಯ್ಕೆ, 20ಡಬ್ಲ್ಯು-40 ಕೂಡ ನಡೆಯುತ್ತದೆ. ಅಂಕಿಯ ಎರಡನೆಯ ಭಾಗ ಕಾದ ಸ್ಥಿತಿಯ ಮಂದತನವನ್ನು ಹೇಳುತ್ತದೆ: 100 ಡಿಗ್ರಿಯಲ್ಲಿ 40ರ ದರ್ಜೆಯ ಸ್ನಿಗ್ಧತೆ ಸೆಂಟಿಸ್ಟೋಕ್ ಅಳತೆಯಲ್ಲಿ 12.5ರಿಂದ 16.3ರವರೆಗೆ, 50ರ ದರ್ಜೆಯದು 16.3ರಿಂದ 21.9ರವರೆಗೆ. ಟೋಲ್ ಗೇಟಿನ ಸಾಲಿನಲ್ಲಿ ಮುಳ್ಳು ಎಲ್ಲಿ ನಿಲ್ಲಬೇಕೆಂಬುದಕ್ಕೆ ಈ ವ್ಯತ್ಯಾಸ ಸಾಕು. ಆಯಿಲನ್ನು ಅಂಟಿನಂತೆ ಮಂದಗೊಳಿಸುವ ಡಬ್ಬಿಗಳನ್ನು ಅಂಗಡಿಯಲ್ಲಿ ಕೊಡುತ್ತಾರೆ. ಮಾರುವ ಗಾಡಿಗೆ ಅದನ್ನು ಹಾಕುವವರ ಉದ್ದೇಶ ಅರ್ಥವಾಗುತ್ತದೆ. ಇಟ್ಟುಕೊಳ್ಳುವ ಗಾಡಿಗೆ ಹಾಕುವವರದ್ದು ನನಗಿನ್ನೂ ಅರ್ಥವಾಗಿಲ್ಲ.

ರಿಲೀಫ್ ವಾಲ್ವ್: ಅರ್ಧ ಗಂಟೆಯ ಕೆಲಸ

ಪಂಪು ಕೊಡುವ ಆಯಿಲ್ ಹೆಚ್ಚಾದಾಗ ಅದನ್ನು ಮರಳಿ ಚೇಂಬರ್‌ಗೆ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಬಿಡುವ ಬಾಗಿಲು ಇದು. ಅಂಬಾಸಿಡರ್‌ನ ಎಂಜಿನ್ನಿನಲ್ಲಿ ಬ್ಲಾಕಿನ ಹಿಂಭಾಗದಲ್ಲಿ ಗುಮ್ಮಟದಾಕಾರದ ತಲೆಯ ಒಂದು ದೊಡ್ಡ ನಟ್ಟಿನ ಹಿಂದೆ ಒಂದು ಸ್ಪ್ರಿಂಗ್, ಅದರ ತುದಿಗೆ ಬಟ್ಟಲಿನಂಥ ಒಂದು ವಾಲ್ವ್ ಇರುತ್ತದೆ. ನಟ್ಟು ಬಿಚ್ಚಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ, ಬಟ್ಟಲು ಒಳಗೇ ಉಳಿಯುತ್ತದೆ. ಅದನ್ನು ಇಕ್ಕಳದಿಂದ ಕೀಳಲು ಹೋಗಬಾರದು. ಬಿದಿರಿನ ಒಂದು ಕಡ್ಡಿಯನ್ನು ಮೊನಚಾಗಿ ಹೆರೆದು ಬಟ್ಟಲಿನ ಪೊಳ್ಳಿಗೆ ಬಿಗಿಯಾಗಿ ಒತ್ತಿ ತಿರುಗಿಸುತ್ತಾ ಎಳೆದರೆ ಜಾರಿಕೊಂಡು ಬರುತ್ತದೆ.

ನೋಡಬೇಕಾದದ್ದು ಮೂರು. ಬಟ್ಟಲು ತನ್ನ ಓಣಿಯಲ್ಲಿ ಬೆರಳಿನ ತಳ್ಳಿಗೇ ಸಲೀಸಾಗಿ ಓಡಾಡಬೇಕು. ಅದರ ಮೂತಿಯ ಸುತ್ತ ಒಂದೇ ಅಗಲದ, ಎಲ್ಲೂ ತುಂಡಾಗದ ಹೊಳೆಯುವ ಉಂಗುರ ಇರಬೇಕು. ಸ್ಪ್ರಿಂಗ್‌ನ ಉದ್ದ ಕೈಪಿಡಿ ಹೇಳಿದಷ್ಟಿರಬೇಕು. ಹಳೆಯ ಸ್ಪ್ರಿಂಗ್ ಕುಗ್ಗಿರುತ್ತದೆ.

ನನ್ನದರಲ್ಲಿ ಉಂಗುರ ಒಂದು ಕಡೆ ತುಂಡಾಗಿತ್ತು. ಗಟ್ಟಿಯಾದ ಗ್ಯಾಸ್ಕೆಟ್ ಪೇಸ್ಟಿನ ಒಂದು ಚೂರು, ಸಾಸಿವೆ ಕಾಳಿಗಿಂತ ಚಿಕ್ಕದು, ಸೀಟಿನ ಮೇಲೆ ಕೂತು ಬಟ್ಟಲಿನ ಮೂತಿಯನ್ನೂ ಗೀರಿತ್ತು. ಓಡುವಾಗ ವಾಲ್ವ್ ಹೇಗಿದ್ದರೂ ತೆರೆದಿರುವ ಹಂತ, ಹಾಗಾಗಿ ಅಲ್ಲಿ ಗೊತ್ತಾಗುತ್ತಿರಲಿಲ್ಲ. ಐಡ್ಲಿಂಗ್‌ನಲ್ಲಿ ಪಂಪು ಕೊಡುವುದೇ ಅಲ್ಪ, ಅದರಲ್ಲಿ ಒಂದು ಪಾಲು ಈ ಸೀಳಿನಿಂದ ಚೇಂಬರ್‌ಗೆ ಇಳಿದುಹೋಗುತ್ತಿತ್ತು. ಸೀಟನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಹೊಸ ಬಟ್ಟಲು ಮತ್ತು ಸ್ಪ್ರಿಂಗ್ ಹಾಕಿ, ನಟ್ಟಿನ ವಾಷರ್‌ಗಳನ್ನೂ ಹೊಸದಾಗಿ ಹಾಕಿದ ಮೇಲೆ ದೇವರಾಯನದುರ್ಗದ ತುದಿಯಲ್ಲಿ ಪರೀಕ್ಷಾ ಗೇಜ್ 16 ತೋರಿಸಿತು. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಸೀಟನ್ನು ತಿಕ್ಕುವವರಿದ್ದಾರೆ. ಆ ಪೇಸ್ಟಿನ ಒಂದು ಕಣ ಗ್ಯಾಲರಿಗೆ ಹೋದರೂ ಬೇರಿಂಗ್‌ಗೆ ಉಪ್ಪುಕಾಗದ ಹಾಕಿ ಉಜ್ಜಿದಂತೆ. ಪೂರ್ತಿ ಒರೆಸಿ ತೊಳೆಯುವ ಭರವಸೆ ಇಲ್ಲದವರು ಅದಕ್ಕೆ ಕೈ ಹಾಕಬಾರದು.

ಸ್ಪ್ರಿಂಗ್‌ನ ಹಿಂದೆ ವಾಷರ್ ತುಂಬಿ ‘ಒತ್ತಡ ಏರಿಸಿಕೊಡುವ’ ಕೆಲಸವೂ ನಮ್ಮ ಕಡೆ ಚಾಲ್ತಿಯಲ್ಲಿದೆ. ಸ್ಪ್ರಿಂಗ್ ಬಿಗಿಯಾದರೆ ಏರುವುದು ಒತ್ತಡದ ಗರಿಷ್ಠ ಮಿತಿ ಮಾತ್ರ. ಐಡ್ಲಿಂಗ್‌ನಲ್ಲಿ ವಾಲ್ವ್ ಸೋರದೆ ಮುಚ್ಚಿದ್ದರೆ ಅಲ್ಲಿ ಒಂದು ಪೌಂಡೂ ಹೆಚ್ಚುವುದಿಲ್ಲ.

ಫಿಲ್ಟರ್ ಬಗ್ಗೆ ಎರಡು ಮಾತು ಸಾಕು. ಬಟ್ಟಲಿನೊಳಗೆ ಎಲಿಮೆಂಟ್ ಇಡುವ ಹಳೆಯ ಮಾದರಿಯಲ್ಲಿ ತಳದ ಸ್ಪ್ರಿಂಗ್, ಪ್ಲೇಟ್, ಸೀಲ್‌ಗಳ ಕ್ರಮ ತಪ್ಪಿದರೆ ಆಯಿಲ್ ಸೋಸದೆಯೇ ಹಾದುಹೋಗುತ್ತದೆ. ತೊಳೆಯುವಾಗ ಎಸೆದ ಚಿಕ್ಕ ವಾಷರ್ ಯಾವುದೆಂದು ಭಾಗಗಳ ಚಿತ್ರ ನೋಡಿ ಖಚಿತಪಡಿಸಿಕೊಳ್ಳಿ.

ಪಂಪು, ಪೈಪು ಮತ್ತು ಮರೆತ ಮುಚ್ಚಳಗಳು

ಇಲ್ಲಿಂದ ಮುಂದೆ ಚೇಂಬರ್ ಇಳಿಸಬೇಕು. ಮೊದಲು ಆಯಿಲ್ ಹೀರುವ ಪೈಪಿನ ಬಾಯಿಯ ಜಾಲರಿ ನೋಡಿ. ಕೈತುಂಬ ಹಚ್ಚಿದ ಗ್ಯಾಸ್ಕೆಟ್ ಪೇಸ್ಟ್ ಒಳಗೆ ಹುಳುವಿನಂತೆ ಉದುರಿ ಬಂದು ಸೇರುವುದು ಅಲ್ಲಿಗೇ. ಹೀರುವ ಪೈಪಿನ ಜೋಡಣೆ ಮತ್ತು ಪಂಪಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಸರಿಯಿಲ್ಲದಿದ್ದರೆ ಪಂಪು ಆಯಿಲಿನೊಂದಿಗೆ ಗಾಳಿಯನ್ನೂ ಹೀರುತ್ತದೆ ಅಥವಾ ಒತ್ತಡವನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಪಂಪು ಬಿಚ್ಚಿ ಮುಚ್ಚಳದ ಒಳಮೈಗೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಿರಿ. ರೋಟರ್ ಸವೆಸಿದ ತಗ್ಗು ಕಂಡರೆ ಮಟ್ಟ ಮಾಡಿಸಬೇಕು ಅಥವಾ ಪಂಪನ್ನೇ ಬದಲಾಯಿಸಬೇಕು. ಎಂಜಿನ್ನಿಗೆ ಇಷ್ಟೆಲ್ಲ ಖರ್ಚು ಮಾಡಿ ಹಳೆಯ ಪಂಪನ್ನೇ ಮತ್ತೆ ಕೂರಿಸುವ ಜಿಪುಣತನ ವಿಚಿತ್ರವಾದದ್ದು, ಆದರೆ ಅಪರೂಪದ್ದಲ್ಲ.

ಎಂಜಿನ್ ಕಟ್ಟಿದ ನಂತರದ ಮೊದಲ ಸ್ಟಾರ್ಟಿನಲ್ಲಿ ಒತ್ತಡವೇ ಬಾರದಿದ್ದರೆ ಪಂಪು ಒಣಗಿದೆ ಎಂದು ಅರ್ಥ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, 10–15 ಸೆಕೆಂಡುಗಳಂತೆ ಬಿಟ್ಟು ಬಿಟ್ಟು ಸ್ಟಾರ್ಟರ್‌ನಿಂದ ತಿರುಗಿಸಿ ಮುಳ್ಳು ಏಳುವುದನ್ನು ಕಾಯಬೇಕು. ಏಳದಿದ್ದರೆ ಬ್ಲಾಕಿನಿಂದ ಫಿಲ್ಟರ್‌ಗೆ ಹೋಗುವ ಹೊರಗಿನ ಪೈಪನ್ನು ಕಳಚಿ, ಬ್ಲಾಕಿನ ಕಡೆಗೆ ಆಯಿಲ್ ಸುರಿದು ಪಂಪನ್ನು ತೋಯಿಸಬೇಕು.

ಇನ್ನು ತೋಟದ ಸಾಲಿನ ತುದಿಯ ಮುಚ್ಚಳಕ್ಕೆ ಬರೋಣ. ಬ್ಲಾಕನ್ನು ತೊಳೆಯಲು ಕೊಟ್ಟಾಗ ಗ್ಯಾಲರಿಯ ತುದಿಯ ಪ್ಲಗ್‌ಗಳನ್ನು ತೆಗೆಯುತ್ತಾರೆ, ತೆಗೆಯಲೇಬೇಕು. ಮರಳಿ ಹಾಕುವಾಗ ಒಂದು ಉಳಿದರೆ, ಅದೂ ಟೈಮಿಂಗ್ ಕವರ್‌ನ ಒಳಗಡೆಯದ್ದಾದರೆ, ಹೊರಗೆ ಒಂದು ಹನಿಯೂ ಸೋರದು, ಒತ್ತಡ ಮಾತ್ರ ಏಳದು. ಎಂಜಿನ್ನಿನ ವಾಲ್ವ್‌ಗಳನ್ನು ಒತ್ತುವ ರಾಕರ್‌ಗಳು ಕೂರುವ ದಂಡದ, ಅಂದರೆ ರಾಕರ್ ಶಾಫ್ಟಿನ, ತುದಿಗಳಲ್ಲೂ ಇಂಥ ಪ್ಲಗ್‌ಗಳಿವೆ. ಇವನ್ನು ನೋಡಲು ಮೇಲಿನ ಕವರ್ ಒಂದನ್ನು ಬಿಚ್ಚಿದರೆ ಸಾಕು. ಐಡ್ಲಿಂಗ್‌ನಲ್ಲಿ ರಾಕರ್‌ಗಳ ಬಳಿ ಆಯಿಲ್ ಜಿನುಗಬೇಕು. ತುದಿಯಿಂದ ಧಾರೆಯಾಗಿ ಬೀಳುತ್ತಿದ್ದರೆ ಅಥವಾ ಸವೆದ ರಾಕರ್ ಬುಷ್‌ಗಳಿಂದ ಹರಿಯುತ್ತಿದ್ದರೆ ಕಳ್ಳ ಸಿಕ್ಕಿದಂತೆ. ಕ್ಯಾಮ್ ಬುಷ್‌ಗಳದ್ದು, ಅಂದರೆ ಕ್ಯಾಮ್ ದಂಡ ತಿರುಗುವ ಬಳೆಗಳದ್ದು, ಇದೇ ಕಥೆ, ಆದರೆ ಅವು ಕಣ್ಣಿಗೆ ಬೀಳುವುದಿಲ್ಲ. ಕ್ರ್ಯಾಂಕಿನ ಬೇರಿಂಗ್ ಬದಲಾಯಿಸಿ ಕ್ಯಾಮ್ ಬುಷ್ ಹಾಗೇ ಬಿಟ್ಟ ಎಂಜಿನ್‌ಗಳು ಎಷ್ಟೋ ಇವೆ. ಬಿಲ್ಲಿನಲ್ಲಿ ‘ಕ್ಯಾಮ್ ಬುಷ್’ ಎಂಬ ಸಾಲು ಇದೆಯೇ ಎಂದು ಮೊದಲು ಹುಡುಕಿ.

ಕೊನೆಯದಾಗಿ ಬೇರಿಂಗ್

ಮೇಲಿನ ಯಾವುದೂ ಕಾರಣವಲ್ಲ ಎಂದು ಖಚಿತವಾದ ನಂತರವೇ ಬೇರಿಂಗ್ ಕ್ಯಾಪ್‌ಗಳನ್ನು ಬಿಚ್ಚಬೇಕು. ಬೇರಿಂಗ್‌ನ ಅರ್ಧ ಬಳೆಗಳಾದ ಶೆಲ್‌ಗಳ ಬೆನ್ನಿನ ಮೇಲಿನ ಗುರುತು ಓದಿ: 010, 020 ಎಂದಿದ್ದರೆ ಕ್ರ್ಯಾಂಕ್ 10 ಅಥವಾ 20 ಥೌ ಅಂಡರ್‌ಸೈಜ್‌ಗೆ ಗ್ರೈಂಡ್ ಆಗಿರಬೇಕು. ಗ್ರೈಂಡಿಂಗ್‌ನವರು ಒಂದು ಅಳತೆಗೆ ಇಳಿಸಿ, ಅಂಗಡಿಯಿಂದ ಇನ್ನೊಂದು ಅಳತೆಯ ಶೆಲ್ ಬಂದು, ಅದನ್ನೇ ಬಿಗಿದಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಸಂದು ಅಳೆಯಲು ಪ್ಲಾಸ್ಟಿಗೇಜ್ ಎಂಬ ಮೇಣದಂಥ ದಾರ ಸಿಗುತ್ತದೆ. ಆಯಿಲ್ ಒರೆಸಿದ ಜರ್ನಲ್ (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಭಾಗ) ಮೇಲೆ ಒಂದು ತುಂಡು ಇಟ್ಟು, ಕ್ಯಾಪನ್ನು ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿದು, ಕ್ರ್ಯಾಂಕನ್ನು ತಿರುಗಿಸದೆ, ಮತ್ತೆ ಬಿಚ್ಚಿ, ಚಪ್ಪಟೆಯಾದ ದಾರದ ಅಗಲವನ್ನು ಪೊಟ್ಟಣದ ಮೇಲಿನ ಅಳತೆಗೆ ಹೋಲಿಸಬೇಕು. ಜರ್ನಲ್‌ನ ವ್ಯಾಸದ ಪ್ರತಿ ಇಂಚಿಗೆ 1 ಥೌ ಸಂದು ಎಂಬುದು ರೂಢಿಯ ಲೆಕ್ಕ. ಅಂಬಾಸಿಡರ್‌ನ 2 ಇಂಚಿನ ಮೈನ್ ಜರ್ನಲ್‌ಗೆ ಸುಮಾರು 2 ಥೌ. 3 ಥೌ ದಾಟಿದರೆ ವರ್ಕ್‌ಶಾಪಿನವರ ಮುಂದೆ ಆ ಚಪ್ಪಟೆ ದಾರವನ್ನು ಇಟ್ಟು ಮಾತಾಡಬಹುದು.

ಒತ್ತಡ ಅತಿಯಾದರೆ? ತಣ್ಣಗಿನ ಸ್ಟಾರ್ಟಿನಲ್ಲಿ 60–70 ತೋರಿ ಬಿಸಿಯಾದಂತೆ ಇಳಿದರೆ ಚಿಂತೆಯಿಲ್ಲ. ಬಿಸಿಯಲ್ಲೂ ಅಲ್ಲೇ ನಿಂತರೆ ರಿಲೀಫ್ ವಾಲ್ವ್ ಮುಚ್ಚಿಕೊಂಡು ಸಿಕ್ಕಿದೆ, ಅಥವಾ ಬೇರೆ ಎಂಜಿನ್ನಿನ ಗಟ್ಟಿ ಸ್ಪ್ರಿಂಗ್ ಬಂದಿದೆ, ಅಥವಾ ಗೇಜಿನ ನಂತರದ ದಾರಿ ಎಲ್ಲೋ ಕಟ್ಟಿಕೊಂಡಿದೆ. ಕೊನೆಯದು ಅಪಾಯಕಾರಿ, ಏಕೆಂದರೆ ಗೇಜ್ ಖುಷಿಯ ಅಂಕಿ ತೋರಿಸುತ್ತಿರುವಾಗಲೇ ರಾಕರ್‌ಗಳು ಒಣಗುತ್ತಿರುತ್ತವೆ.

ದೋಷ ಸಿಕ್ಕಿ ಸರಿಯಾದ ಮೇಲೆ 500 ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ತೆಗೆದ ಫಿಲ್ಟರಿನ ಕಾಗದವನ್ನು ಬ್ಲೇಡಿನಿಂದ ಕತ್ತರಿಸಿ ಬಿಸಿಲಿನಲ್ಲಿ ಬಿಡಿಸಿ ನೋಡಬೇಕು. ಹೊಸ ಎಂಜಿನ್ನಿನಲ್ಲಿ ಅಲ್ಲಲ್ಲಿ ಕಬ್ಬಿಣದ ನುಣ್ಣನೆಯ ಪುಡಿ ಇರುವುದು ಸಹಜ, ಅದು ಅಯಸ್ಕಾಂತಕ್ಕೆ ಅಂಟುತ್ತದೆ. ಅಂಟದ ಬೂದು ಬಣ್ಣದ ಚಕ್ಕೆಗಳಿದ್ದರೆ ಬೇರಿಂಗ್‌ನ ಮೇಲ್ಪದರ ಎದ್ದು ಬರುತ್ತಿದೆ. ತಾಮ್ರದ ಬಣ್ಣ ಮಿನುಗಿದರೆ ಆ ಪದರ ಹೋಗಿ ಒಳಪದರ ಸವೆಯುತ್ತಿದೆ, ಚೇಂಬರ್ ಮತ್ತೆ ಇಳಿಸಲೇಬೇಕು. ನನ್ನ ಫಿಲ್ಟರಿನ ಮಡಿಕೆಗಳಲ್ಲಿ ಅದಾವುದೂ ಇರಲಿಲ್ಲ. ಅದೇ ಗ್ಯಾಸ್ಕೆಟ್ ಪೇಸ್ಟಿನ ಇನ್ನೂ ಎರಡು ಚೂರುಗಳು ಸಿಕ್ಕವು.